ರಾಜೀನಾಮೆಗೆ ಮೊದಲು ಒಂದು ವೈದ್ಯರ ಚೀಟಿ

ಮದ್ದೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: ಹೆಂಡತಿ ನಾಲ್ಕು ವರ್ಷಗಳಿಂದ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್. ಕೆಲವು ತಿಂಗಳಿಂದ ನಿದ್ದೆಯಿಲ್ಲ. ಬೆಳಗ್ಗೆ ವ್ಯಾನ್ ಬರುವ ಹೊತ್ತಿಗೆ ಅಳು. ಹೇಳದೆ ಕೇಳದೆ ರಜೆ ಹಾಕುವುದೂ ಹೆಚ್ಚಾಗಿದೆ. ‘ರಾಜೀನಾಮೆ ಕೊಡಿಸಿ, ಪಿಎಫ್ ಹಣ ತೆಗೆದು ಖಾಸಗಿ ವೈದ್ಯರಿಗೆ ತೋರಿಸಬೇಕೆಂದಿದ್ದೇನೆ. ಕೆಲಸ ಬಿಟ್ಟರೆ ಮನಸ್ಸೂ ಸರಿಹೋಗುತ್ತದಲ್ಲವೇ?’

ಸಂಪಾದಕರ ಉತ್ತರ:

ಸ್ವಲ್ಪ ತಡೆಯಿರಿ. ನಿಮ್ಮ ಆತುರ ಅರ್ಥವಾಗುತ್ತದೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್, ತಪ್ಪಿದರೆ ಇಡೀ ಲೈನ್ ಎದುರು ಬೈಗುಳ. ಇದರಲ್ಲಿ ಯಾರ ಮನಸ್ಸಾದರೂ ಕುಗ್ಗುತ್ತದೆ. ದುಡಿದರೆ ಎಲ್ಲ ಮರೆಯುತ್ತದೆ ಎಂದು ಉಪದೇಶಿಸುವವನು ನಾನಲ್ಲ. ಆದರೆ ನೀವೇ ಬರೆದಿರುವ ಸಂಘದ ಸಾಲದ ಕಂತು ರಾಜೀನಾಮೆಯ ಮರುವಾರವೂ ಬಾಗಿಲು ತಟ್ಟುತ್ತದೆ. ಆಗ ಸಂಬಳವಿರುವುದಿಲ್ಲ, ಅಳು ಇರುತ್ತದೆ.

ಪಿಎಫ್‌ಗಾಗಿಯೇ ಕೆಲಸ ಬಿಡುವುದು ಗಾರ್ಮೆಂಟ್ಸ್‌ನಲ್ಲಿ ಹಳೆಯ ಕಥೆ. ಕಷ್ಟಕಾಲಕ್ಕೆ ಆ ಹೆಣ್ಣುಮಕ್ಕಳಿಗಿರುವ ಗಂಟು ಅದೊಂದೇ. 2016ರ ಏಪ್ರಿಲ್‌ನಲ್ಲಿ ಆ ಹಣ ತೆಗೆಯುವ ನಿಯಮ ಬಿಗಿಯಾಗುತ್ತದೆಂದಾಗ ಅವರು ಬೆಂಗಳೂರಿನ ಹೊಸೂರು ರಸ್ತೆಗೆ ಇಳಿದರು. ಎರಡನೆಯ ದಿನವೇ ಕೇಂದ್ರ ಸರ್ಕಾರ ಹಿಂದೆ ಸರಿಯಿತು. ಆದರೆ ಕಾಯಿಲೆಗೆಂದು ಪಿಎಫ್‌ನಿಂದ ಮುಂಗಡ ಪಡೆಯಲು ಕೆಲಸ ಬಿಡಬೇಕಿಲ್ಲ. ಬಿಟ್ಟರೆ ಇನ್ನೊಂದು ನಷ್ಟವೂ ಇದೆ: ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡಿಗಂಟು, ಅಂದರೆ ಗ್ರಾಚ್ಯುಟಿಗೆ ಐದು ವರ್ಷ ತುಂಬಬೇಕು, ನಿಮ್ಮ ಮನೆಯವರಿಗೆ ಆಗಿರುವುದು ನಾಲ್ಕು.

ಇನ್ನು ಪತ್ರದಲ್ಲಿ ನೀವು ಹೆಸರನ್ನೇ ಎತ್ತದ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. ಅವರ ಸಂಬಳದಿಂದ ಶೇ 0.75, ಮಾಲೀಕರಿಂದ ಶೇ 3.25 ಅದಕ್ಕೆ ವಂತಿಗೆಯಾಗಿ ಹೋಗುತ್ತದೆ. ಇಎಸ್‌ಐ ವೈದ್ಯರು ವಿಶ್ರಾಂತಿ ಬೇಕೆಂದು ಪ್ರಮಾಣಪತ್ರ ಕೊಟ್ಟರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70 ಸಿಗುತ್ತದೆ. ತೀವ್ರ ಮನೋರೋಗವೆಂದು ತಜ್ಞರು ಗುರುತಿಸಿದರೆ, ಎರಡು ವರ್ಷದ ಸೇವೆ ಮುಂತಾದ ಷರತ್ತುಗಳಿಗೆ ಒಳಪಟ್ಟು, ಶೇ 80ರಂತೆ ಇನ್ನೂ ದೀರ್ಘ ಕಾಲ ಕೊಡುವ ಏರ್ಪಾಡಿದೆ. ಆ ಪಟ್ಟಿಯಲ್ಲಿ ಕ್ಷಯ, ಕ್ಯಾನ್ಸರ್‌ಗಳ ಜೊತೆಗೆ ಸ್ಕಿಜೋಫ್ರೇನಿಯಾ, ಕೆಲವು ಬಗೆಯ ಖಿನ್ನತೆಯೂ ಸೇರಿವೆ. ಈ ಭತ್ಯೆ ಪಡೆಯುತ್ತಿರುವವರನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯಬಾರದೆಂಬುದು 1948ರ ಇಎಸ್‌ಐ ಕಾಯಿದೆಯಲ್ಲೇ ಬಂದ ಕಟ್ಟಳೆ.

ಒಂದು ತೊಡಕಿದೆ. ಭತ್ಯೆಗೆ ಅರ್ಹರಾಗಲು ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಸಂದಿರಬೇಕು. ಮನಸ್ಸು ಕುಗ್ಗಿದವರು ಮಾಡುವುದೇ ಹೇಳದೆ ರಜೆ ಹಾಕುವುದು. ಹಾಗೆ ಹಾಕಿದ ಒಂದೊಂದು ರಜೆಯೂ ಆ ಲೆಕ್ಕವನ್ನು ಸವೆಸುತ್ತದೆ. ಅತಿ ಹೆಚ್ಚು ನೆರವು ಬೇಕಾದವರ ಕೈಯಿಂದಲೇ ನೆರವು ಜಾರುವಂತೆ ಈ ನಿಯಮವಿದೆ, ನಿಯಮ ಬರೆದವರಿಗೆ ಇದು ಹೊಳೆಯಲಿಲ್ಲವೇನೋ. ಆದ್ದರಿಂದ ನಾಳೆಯೇ ಇಎಸ್‌ಐ ಡಿಸ್ಪೆನ್ಸರಿಗೆ ಕರೆದುಕೊಂಡು ಹೋಗಿ. ಜ್ವರ, ಸುಸ್ತು ಎಂದು ಬರೆಸಬೇಡಿ. ನಿದ್ದೆಯಿಲ್ಲದ್ದು, ಅಳುವುದು, ಎಂದಿನಿಂದ ಎಂಬುದನ್ನು ಇದ್ದಂತೆಯೇ ಹೇಳಿ. ಅಷ್ಟರೊಳಗೆ ರಾತ್ರಿ ಹೊತ್ತು ಕಷ್ಟವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಜೀವ ಬೇಡವೆಂಬ ಮಾತು ಬಂದರೆ ಒಂಟಿಯಾಗಿ ಬಿಡದೆ ನೇರ ಆಸ್ಪತ್ರೆಗೇ ಹೋಗಿ.

ಕೊನೆಯದಾಗಿ, ನಿಮ್ಮ ಎರಡು ಪುಟದ ಪತ್ರದಲ್ಲಿ ಸಂಬಳವಿದೆ, ಸಾಲವಿದೆ, ಪಿಎಫ್ ಮೊತ್ತ ರೂಪಾಯಿ ಲೆಕ್ಕದಲ್ಲಿದೆ. ನಿಮ್ಮ ಮನೆಯವರ ಮಾತು ಒಂದೂ ಇಲ್ಲ. ಅವರಿಗೆ ಬೇಡವಾಗಿರುವುದು ಕೆಲಸವೋ, ಆ ಲೈನ್‌ನ ಸೂಪರ್‌ವೈಸರೋ? ಕೇಳಿ, ಮತ್ತೆ ಬರೆಯಿರಿ.