ಖನ್ಯಾದ ಹಳೆ ಬಂದರಿನಲ್ಲಿ ತಂಗುವ ಮುನ್ನ

ಪ್ರಶ್ನೆ: ಅಕ್ಟೋಬರ್ ಮೊದಲ ವಾರದಲ್ಲಿ ನಾನು, ನನ್ನ ಪತ್ನಿ ಮತ್ತು 68 ವರ್ಷದ ನನ್ನ ತಾಯಿ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗುತ್ತಿದ್ದೇವೆ. ಅಲ್ಲಿನ ಖನ್ಯಾ ಪಟ್ಟಣದ ಹಳೆ ಬಂದರಿನ ಅಂಚಿನಲ್ಲಿ, ವೆನಿಸ್‌ನವರ ಕಾಲದ ಮನೆಯೊಂದನ್ನು ದುರಸ್ತಿ ಮಾಡಿ ರೂಪಿಸಿದ ಬುಟೀಕ್ ಹೋಟೆಲಿನಲ್ಲಿ ನಾಲ್ಕು ರಾತ್ರಿ ಇರುವ ಆಸೆ. ಆದರೆ ಅದೇ ಹಣಕ್ಕೆ ಪಟ್ಟಣದ ಹೊರಗಿನ ಕಡಲತೀರದಲ್ಲಿ ಲಿಫ್ಟ್, ಈಜುಕೊಳ ಎಲ್ಲ ಇರುವ ದೊಡ್ಡ ಹೋಟೆಲ್ ಸಿಗುತ್ತದೆ. ತಾಯಿಗೆ ಮಂಡಿನೋವಿದೆ. ಯಾವುದನ್ನು ಆರಿಸಬೇಕು? (ಮೈಸೂರಿನ ಓದುಗರು)

ಉತ್ತರ: ಹಳೆ ಬಂದರಿನಲ್ಲೇ ತಂಗಿ. ಆದರೆ ಹೋಟೆಲಿನ ಹೆಸರು, ಚಿತ್ರ ನೋಡಿ ಬುಕ್ ಮಾಡಬೇಡಿ. ನಿಮಗೆ ಕೊಡುವ ಕೋಣೆ ಯಾವುದೆಂದು ಕೇಳಿ ತಿಳಿದು ಬುಕ್ ಮಾಡಿ. ದೊಡ್ಡ ಹೋಟೆಲಿನಲ್ಲಿ ಎರಡನೆಯ ಮಹಡಿಯ ಕೋಣೆಗೂ ನಾಲ್ಕನೆಯ ಮಹಡಿಯ ಕೋಣೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರುವುದಿಲ್ಲ. ಎಂಟು, ಹತ್ತು ಕೋಣೆಗಳ ಹಳೆ ಮನೆಯಲ್ಲಿ ಒಂದು ಕೋಣೆ ಇದ್ದಂತೆ ಇನ್ನೊಂದು ಇರುವುದಿಲ್ಲ. ಒಂದರ ಕಿಟಕಿ ಕಡಲಿಗೆ ತೆರೆದರೆ ಇನ್ನೊಂದರದ್ದು ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ಒಂದಕ್ಕೆ ಅಂಗಳದಿಂದ ನೇರವಾಗಿ ಕಾಲಿಡಬಹುದು, ಇನ್ನೊಂದಕ್ಕೆ ನಲವತ್ತು ಮೆಟ್ಟಿಲು ಹತ್ತಬೇಕು. ಪಾರಂಪರಿಕ ಕಟ್ಟಡಗಳ ದುರಸ್ತಿಯಲ್ಲಿ ವರ್ಷಗಳನ್ನು ಕಳೆದ ನಾನು ಇಂಥ ಹೋಟೆಲಿಗೆ ಪತ್ರ ಬರೆಯುವಾಗ ಮೊದಲು ಕೇಳುವುದು ಮೆಟ್ಟಿಲಿನ ಲೆಕ್ಕವನ್ನು, ದರವನ್ನು ಆಮೇಲೆ.

ಕಾರಣ ಆ ಮನೆಗಳ ಚರಿತ್ರೆಯಲ್ಲಿದೆ. ವೆನಿಸ್‌ನವರು ಖನ್ಯಾದಲ್ಲಿ ನೆಲೆಯೂರಿದ್ದು 1252ರಲ್ಲಿ. ಮುತ್ತಿಗೆಯ ಬಳಿಕ ಆಟೊಮನ್ ತುರ್ಕರು ಪಟ್ಟಣವನ್ನು ಗೆದ್ದುಕೊಂಡದ್ದು 1645ರಲ್ಲಿ. ಕೋಟೆಯೊಳಗಿನ ಜಾಗ ಕಡಿಮೆಯಾದ್ದರಿಂದ ಮನೆಗಳು ಅಗಲಕ್ಕೆ ಬೆಳೆಯದೆ ಎತ್ತರಕ್ಕೆ ಬೆಳೆದವು. ದಪ್ಪ ಕಲ್ಲುಗೋಡೆಯ ಮೇಲೆ ಆಟೊಮನ್ ಕಾಲದಲ್ಲಿ ಮರದ ಚಾಚು ಮಹಡಿಗಳು ಸೇರಿಕೊಂಡವು. ಬಂದರಿನ ಪಶ್ಚಿಮಕ್ಕಿರುವ ತೋಪನಾಸ್ ಕೇರಿಯ ಓಣಿಗಳಲ್ಲಿ ತಲೆಯೆತ್ತಿ ನಡೆದರೆ ಈ ಎರಡು ಕಾಲಗಳೂ ಒಂದೇ ಗೋಡೆಯಲ್ಲಿ ಕಾಣುತ್ತವೆ. ಈ ಹಳೆ ಪಟ್ಟಣ ಇಂದು ಸಂರಕ್ಷಿತ ಪ್ರದೇಶವಾಗಿರುವುದರಿಂದ ಮಾಲೀಕರು ತಮಗೆ ತೋಚಿದಂತೆ ಗೋಡೆ ಒಡೆಯುವಂತಿಲ್ಲ, ಮಹಡಿ ಏರಿಸುವಂತಿಲ್ಲ. ಆದ್ದರಿಂದ ಅನೇಕ ಹೋಟೆಲುಗಳಲ್ಲಿ ಲಿಫ್ಟ್ ಇಲ್ಲ, ಅದನ್ನು ಕೂಡಿಸಲು ಜಾಗವೂ ಇಲ್ಲ. ಇದನ್ನು ಕೊರತೆಯೆಂದು ದೂರುವುದು ಸರಿಯಲ್ಲ. ನೀವು ಹಣ ಕೊಡುತ್ತಿರುವುದೇ ಹಾಗೆ ಉಳಿದುಬಂದ ಮನೆಗೆ. ಆದರೆ ಮಂಡಿನೋವಿರುವ ತಾಯಿಯವರಿಗೆ ಅದು ಮೊದಲೇ ಗೊತ್ತಿರಬೇಕು.

ಹೋಟೆಲಿಗೆ ಇಮೇಲ್ ಬರೆದು ನೇರವಾಗಿ ಕೇಳಿ: ಬೀದಿಯ ಬಾಗಿಲಿನಿಂದ ಹಾಸಿಗೆಯವರೆಗೆ ಒಟ್ಟು ಎಷ್ಟು ಮೆಟ್ಟಿಲು, ಅವುಗಳ ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯೇ, ಹಾಸಿಗೆ ಕೋಣೆಯ ನೆಲದ ಮೇಲಿದೆಯೋ ಅಟ್ಟದ ಮೇಲಿದೆಯೋ, ಸ್ನಾನದ ಜಾಗಕ್ಕೆ ಎತ್ತರದ ಹೊಸ್ತಿಲು ಇದೆಯೇ. ಅಟ್ಟದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎತ್ತರದ ಚಾವಣಿಯ ಕೋಣೆಗಳಲ್ಲಿ ಮರದ ಅಟ್ಟ ಕಟ್ಟಿ, ಹಾಸಿಗೆಯನ್ನು ಮೇಲಿಟ್ಟು, ಕೆಳಗೆ ಸೋಫಾ ಹಾಕಿರುವುದು ಖನ್ಯಾದಲ್ಲಿ ಸಾಮಾನ್ಯ. ಚಿತ್ರದಲ್ಲಿ ಅದು ಬಹಳ ಸುಂದರ. ನಾನೂ ಒಮ್ಮೆ ಅಂಥದ್ದೇ ಕೋಣೆಗೆ ಮರುಳಾಗಿ, ನಡುರಾತ್ರಿ ಬಚ್ಚಲಿಗೆ ಹೋಗಲು ಏಣಿಯಂಥ ಕಡಿದಾದ ಮೆಟ್ಟಿಲನ್ನು ಕತ್ತಲಲ್ಲಿ ತಡವಿಕೊಂಡು ಇಳಿದಿದ್ದೇನೆ. ವಯಸ್ಸಾದವರಿಗೆ ಅದು ಅಪಾಯಕಾರಿ. ನೆಲ ಅಂತಸ್ತಿನಲ್ಲಿ, ಒಳ ಅಂಗಳಕ್ಕೆ ತೆರೆದುಕೊಳ್ಳುವ ಕೋಣೆ ಸಿಕ್ಕರೆ ಕಡಲ ನೋಟವಿಲ್ಲದಿದ್ದರೂ ತಾಯಿಯವರಿಗೆ ಅದನ್ನೇ ಕೊಡಿ. ನಮ್ಮ ತೊಟ್ಟಿಮನೆಗಳಲ್ಲಿ ಬೆಳೆದವರಿಗೆ ಆ ಅಂಗಳದ ತಂಪು ಹೊಸದೆನಿಸುವುದಿಲ್ಲ. ಹಲವು ಹೋಟೆಲುಗಳು ಬೆಳಗಿನ ತಿಂಡಿ ಬಡಿಸುವುದೂ ಅಲ್ಲೇ.

ಕಡಲ ನೋಟದ ಬಗ್ಗೆಯೂ ಎರಡು ಮಾತು ಹೇಳಬೇಕು. ಬಂದರಿನ ದಡದುದ್ದಕ್ಕೂ ಊಟದ ಮನೆಗಳು ಸಾಲುಗಟ್ಟಿವೆ, ರಾತ್ರಿ ಬಹಳ ಹೊತ್ತಿನವರೆಗೆ ಮಾತು, ಸಂಗೀತ, ಪಾತ್ರೆಗಳ ಸದ್ದು ಇರುತ್ತದೆ, ಮತ್ತು ಕಲ್ಲುಗೋಡೆಗಳ ನಡುವೆ ಸದ್ದು ಬೇಗ ಅಡಗುವುದಿಲ್ಲ. ಬೇಗ ಮಲಗುವವರು ದಡದಿಂದ ಎರಡು ಓಣಿ ಹಿಂದಿರುವ ಮನೆಯನ್ನು ಆರಿಸುವುದು ಒಳ್ಳೆಯದು. ಥಿಯೊಟೊಕೊಪುಲು ಬೀದಿಯ ಸುತ್ತಮುತ್ತ ದಡಕ್ಕಿಂತ ಹೆಚ್ಚು ನಿಶ್ಶಬ್ದವಿದೆ, ಬಂದರು ಐದು ನಿಮಿಷದ ನಡಿಗೆಯಷ್ಟೇ. ನೋಟವೇ ಮುಖ್ಯವೆನಿಸಿದರೆ ಒಂದೇ ಒಂದು ರಾತ್ರಿಗೆ ಮುಂಭಾಗದ ಕೋಣೆ ತೆಗೆದುಕೊಂಡು, ಉಳಿದ ಮೂರು ರಾತ್ರಿ ಒಳಗಿನ ಕೋಣೆಯಲ್ಲಿರಲು ಸಾಧ್ಯವೇ ಎಂದು ಕೇಳಿ ನೋಡಿ.

ಆ ನೋಟಕ್ಕೆ ಬೆಲೆಯಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಬಂದರಿನ ಬಾಯಲ್ಲಿ, ಅಲೆತಡೆ ಗೋಡೆಯ ತುದಿಯಲ್ಲಿ ನಿಂತಿರುವ ದೀಪಸ್ತಂಭದ ಬುಡಕ್ಕೆ ಎಂಟು ಮುಖ, ನಡುವಿನ ಭಾಗಕ್ಕೆ ಹದಿನಾರು ಮುಖ, ಮೇಲಿನ ಭಾಗ ದುಂಡು. ಮೂಲತಃ ವೆನಿಸ್‌ನವರದಾದ ಅದನ್ನು ಈಗಿನ ರೂಪಕ್ಕೆ ತಂದವರು 19ನೆಯ ಶತಮಾನದಲ್ಲಿ ಕ್ರೀಟಿನಲ್ಲಿ ಬೀಡುಬಿಟ್ಟಿದ್ದ ಈಜಿಪ್ಟಿನವರು. ಎದುರಿನ ದಡದಲ್ಲಿ ಫಿರ್ಕಾಸ್ ಕೋಟೆ. ಶತ್ರು ಹಡಗು ಒಳಬರದಂತೆ ಕೋಟೆಗೂ ದೀಪಸ್ತಂಭಕ್ಕೂ ನಡುವೆ ಹಿಂದೆ ಸರಪಳಿ ಎಳೆಯುತ್ತಿದ್ದರು. 1913ರ ಡಿಸೆಂಬರ್ 1ರಂದು ಕ್ರೀಟ್ ಗ್ರೀಸಿಗೆ ಸೇರಿದಾಗ ಬಾವುಟ ಏರಿದ್ದು ಇದೇ ಕೋಟೆಯ ಮೇಲೆ. ಬಂದರಿನ ಪೂರ್ವ ಭಾಗದಲ್ಲಿ ವೆನಿಸ್‌ನವರು ಹಡಗು ದುರಸ್ತಿಗೆಂದು ಕಟ್ಟಿದ ಕಮಾನು ಚಾವಣಿಯ ದೊಡ್ಡ ಕಟ್ಟಡಗಳಿವೆ. 1599ರ ಹೊತ್ತಿಗೆ 17 ಇದ್ದವು, ಈಗ ಏಳು ಒಂದೇ ಸಾಲಿನಲ್ಲಿ ಉಳಿದಿವೆ. ಹಗಲಿನ ಪ್ರವಾಸಿಗಳ ಗುಂಪು ಬರುವ ಮೊದಲು, ಬೆಳಗ್ಗೆ ಏಳಕ್ಕೆ ಇವನ್ನೆಲ್ಲ ನೋಡಲು ಸಾಧ್ಯವಾಗುವುದು ಅಲ್ಲೇ ತಂಗಿದವರಿಗೆ. ದೊಡ್ಡ ಹೋಟೆಲನ್ನು ಬೇಡವೆನ್ನಲು ನನಗಿರುವ ಮುಖ್ಯ ಕಾರಣ ಇದೇ. ತಾಯಿಯವರೊಂದಿಗೆ ದೀಪಸ್ತಂಭದ ಬುಡದವರೆಗೆ ಹೋಗುವ ಯೋಜನೆ ಬೇಡ. ಬಂದರನ್ನು ಸುತ್ತಿಕೊಂಡು ಅಲೆತಡೆಯ ಒರಟು ಕಲ್ಲಿನ ಮೇಲೆ ಬಹಳ ದೂರ ನಡೆಯಬೇಕು. ಫಿರ್ಕಾಸ್ ಕಡೆಯ ದಡದಲ್ಲಿ ಕುಳಿತರೆ ಅದು ಎದುರಿಗೇ ಕಾಣುತ್ತದೆ.

ಬಂದಿಳಿಯುವ ದಿನವನ್ನೂ ಯೋಚಿಸಿಡಿ. ವಿಮಾನ ನಿಲ್ದಾಣ ಪಟ್ಟಣದಿಂದ ಸುಮಾರು 14 ಕಿ.ಮೀ. ದೂರದ ಅಕ್ರೊತಿರಿ ಪರ್ಯಾಯದ್ವೀಪದಲ್ಲಿದೆ. ಅಥೆನ್ಸ್ ಬಳಿಯ ಪಿರೇಯಸ್‌ನಿಂದ ರಾತ್ರಿ ಹೊರಡುವ ಹಡಗು ಬೆಳಗಿನ ಜಾವ ಸೂದಾ ಬಂದರಿಗೆ ತಲುಪುತ್ತದೆ. ಹಳೆ ಬಂದರಿನ ಆಳ ಕಡಿಮೆ, ಅದರ ಬಾಯಿ ಉತ್ತರದ ಗಾಳಿಗೆ ತೆರೆದಿದೆ. ಆದ್ದರಿಂದಲೇ ದೊಡ್ಡ ಹಡಗುಗಳು ಸೂದಾಕ್ಕೆ ಹೋಗುತ್ತವೆ. ಟ್ಯಾಕ್ಸಿ ನಿಮ್ಮನ್ನು ಹಳೆ ಪಟ್ಟಣದ ಅಂಚಿನಲ್ಲಿ ಇಳಿಸುತ್ತದೆ, ಅಲ್ಲಿಂದ ಮುಂದೆ ಕಲ್ಲು ಹಾಸಿದ ಓಣಿ. ಚಕ್ರದ ಸೂಟ್‌ಕೇಸ್ ಅಲ್ಲಿ ತಡವರಿಸುತ್ತದೆ, ತಾಯಿಯವರು ಕಾಲನ್ನೂ ನೋಡಿಕೊಳ್ಳಬೇಕು, ಸಾಮಾನನ್ನೂ ನೋಡಿಕೊಳ್ಳಬೇಕು ಎಂದಾಗಬಾರದು. ಟ್ಯಾಕ್ಸಿ ಎಲ್ಲಿ ನಿಲ್ಲುತ್ತದೆ, ಅಲ್ಲಿಗೆ ಸಾಮಾನು ಹೊರಲು ಯಾರನ್ನಾದರೂ ಕಳಿಸುತ್ತೀರಾ ಎಂದು ಮುಂಚೆಯೇ ಕೇಳಿ. ಚಿಕ್ಕ ಹೋಟೆಲುಗಳು ಸಾಮಾನ್ಯವಾಗಿ ಒಪ್ಪುತ್ತವೆ. ಹಡಗಿನಲ್ಲಿ ಬರುವುದಾದರೆ ಕೋಣೆ ಮಧ್ಯಾಹ್ನದವರೆಗೆ ಸಿಗದಿರಬಹುದು ಎಂಬುದೂ ನೆನಪಿರಲಿ.

ಕೋಣೆಯ ದರದ ಜೊತೆಗೆ ಗ್ರೀಸ್ ಸರಕಾರದ ಹವಾಮಾನ ಶುಲ್ಕವನ್ನು ಹೋಟೆಲಿನಲ್ಲೇ ಕೊಡಬೇಕು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, 2025ರಿಂದ ಜಾರಿಯಲ್ಲಿರುವ ದರದಂತೆ, ನಾಲ್ಕು ತಾರೆಯ ಹೋಟೆಲಿನಲ್ಲಿ ಕೋಣೆಯೊಂದಕ್ಕೆ ರಾತ್ರಿಗೆ 10 ಯೂರೊ, ಐದು ತಾರೆಯದರಲ್ಲಿ 15 ಯೂರೊ. ಎರಡು ಕೋಣೆ, ನಾಲ್ಕು ರಾತ್ರಿ ಎಂದರೆ ಅದು ಸಣ್ಣ ಮೊತ್ತವಲ್ಲ. ಶೌಚಾಲಯದಲ್ಲಿ ಕಾಗದವನ್ನು ನೀರಿಗೆ ಹಾಕದೆ ಪಕ್ಕದ ಬುಟ್ಟಿಗೆ ಹಾಕಬೇಕೆಂಬ ಸೂಚನೆಯನ್ನು ದಯವಿಟ್ಟು ಪಾಲಿಸಿ; ಕೊಳವೆಗಳು ಕಿರಿದಾಗಿವೆ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಖನ್ಯಾದಲ್ಲಿ ಐದು ದಿನ ಊಟಕ್ಕೆ ತೊಂದರೆಯಾಗುತ್ತದೆಯೇ? (ಶಿವಮೊಗ್ಗದ ಓದುಗರು)

ಉತ್ತರ: ಯುರೋಪಿನ ಎಷ್ಟೋ ಊರುಗಳಿಗಿಂತ ಇಲ್ಲಿ ಸುಲಭ. ಗ್ರೀಕ್ ಆರ್ಥೊಡಾಕ್ಸ್ ಸಂಪ್ರದಾಯದಲ್ಲಿ ಉಪವಾಸದ ದಿನಗಳು ಬಹಳ, ಆ ದಿನಗಳ ಅಡುಗೆಯನ್ನು ‘ನಿಸ್ಟಿಸಿಮೊ’ ಎನ್ನುತ್ತಾರೆ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಈ ಪದವನ್ನಷ್ಟೇ ನಂಬಬೇಡಿ: ಅವರ ಉಪವಾಸದಲ್ಲಿ ಸೀಗಡಿ, ಆಕ್ಟೋಪಸ್, ಚಿಪ್ಪಿನ ಜೀವಿಗಳು ನಿಷಿದ್ಧವಲ್ಲ. ಆದ್ದರಿಂದ ತರಕಾರಿಯನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸಿದ ‘ಲಾದೆರಾ’ ಬಗೆಯ ಅಡುಗೆಯನ್ನು ಕೇಳಿ. ಬಾರ್ಲಿಯ ಗಟ್ಟಿ ರೊಟ್ಟಿಯ ಮೇಲೆ ಟೊಮೆಟೊ, ಮಿಜಿತ್ರಾ ಚೀಸ್ ಹಾಕುವ ದಾಕೊಸ್, ಬೇಯಿಸಿದ ಕಾಡುಸೊಪ್ಪಿನ ಹೋರ್ತಾ, ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿದ ಫಾವಾ ಇವು ಎಲ್ಲೆಡೆ ಸಿಗುತ್ತವೆ. ಹೋರ್ತಾ ನಮ್ಮ ಬೆರಕೆ ಸೊಪ್ಪಿನ ರುಚಿಗೆ ಬಹಳ ಹತ್ತಿರ. ಬುಟೀಕ್ ಹೋಟೆಲುಗಳ ಬೆಳಗಿನ ತಿಂಡಿಯಲ್ಲಿ ಬರುವ ಕಲಿತ್ಸೂನ್ಯಾ ಎಂಬ ಚೀಸ್ ಕಡುಬಿನ ಹಿಟ್ಟಿಗೆ ಮೊಟ್ಟೆ ಹಾಕುವುದುಂಟು. ಗಟ್ಟಿ ಚೀಸ್‌ಗಳಲ್ಲಿ ಎಳೆಯ ಪ್ರಾಣಿಗಳ ಹೊಟ್ಟೆಯಿಂದ ತೆಗೆದ, ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಇರಬಹುದು. ಅದನ್ನೂ ಬಿಡುವವರು ಮೊಸರು, ಜೇನು, ಹಣ್ಣಿಗೆ ನಿಲ್ಲುವುದು ಲೇಸು. ಕೋಣೆ ಬುಕ್ ಮಾಡುವಾಗಲೇ ಇದನ್ನು ಬರೆದು ತಿಳಿಸಿ.

ಪ್ರಶ್ನೆ: ಮ್ಯೂನಿಕ್‌ನಲ್ಲಿ ಓದುತ್ತಿರುವ ನಾನು ಡಿಸೆಂಬರ್ ರಜೆಯಲ್ಲಿ ಕಡಿಮೆ ದರಕ್ಕೆ ಖನ್ಯಾದ ಹಳೆ ಬಂದರಿನಲ್ಲಿ ತಂಗಬಹುದೇ?

ಉತ್ತರ: ದರ ಇಳಿಯುತ್ತದೆ, ಆದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಅನೇಕ ಚಿಕ್ಕ ಹೋಟೆಲುಗಳು ಬಾಗಿಲು ಹಾಕುತ್ತವೆ. ಚಳಿಗಾಲದ ಉತ್ತರ ಗಾಳಿಗೆ ಅಲೆಗಳು ದಡದ ಮೇಲೇ ನುಗ್ಗುವ ದಿನಗಳುಂಟು. ಕಲ್ಲುಮನೆಯ ನೆಲ ಅಂತಸ್ತು ಆಗ ತೇವ ಹಿಡಿಯುತ್ತದೆ. ತೆರೆದಿರುವ ಹೋಟೆಲಿನಲ್ಲಿ ಮೇಲಿನ ಮಹಡಿಯ ಕೋಣೆ ಕೇಳಿ, ಬಿಸಿಯ ವ್ಯವಸ್ಥೆ ಏನೆಂದು ವಿಚಾರಿಸಿ. ಸಮಾರಿಯಾ ಕಮರಿಯ 16 ಕಿ.ಮೀ. ನಡಿಗೆ ನಿಮ್ಮ ಮನಸ್ಸಿನಲ್ಲಿದ್ದರೆ ಡಿಸೆಂಬರ್ ಬೇಡ. ಅದು ಸಾಮಾನ್ಯವಾಗಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ.

ಪ್ರಶ್ನೆ: ಇಂಥ ಹಳೆ ಮನೆಗಳಲ್ಲಿ ಮೊದಲು ಯಾರು ಇದ್ದರು, ಅವರೆಲ್ಲ ಎಲ್ಲಿ ಹೋದರು ಎಂದು ಯೋಚಿಸಿದರೆ ಕಸಿವಿಸಿಯಾಗುತ್ತದೆ. ಅಲ್ಲಿ ಪ್ರವಾಸಿಗಳಾಗಿ ಮಲಗುವುದು ಸರಿಯೇ? (ಧಾರವಾಡದ ಓದುಗರು)

ಉತ್ತರ: ನಿಮ್ಮ ಕಸಿವಿಸಿಗೆ ಆಧಾರವಿದೆ. 1923ರಲ್ಲಿ ಗ್ರೀಸ್ ಮತ್ತು ತುರ್ಕಿಯ ನಡುವೆ ಜನರ ವಿನಿಮಯದ ಒಪ್ಪಂದವಾದಾಗ ಕ್ರೀಟಿನ ಮುಸ್ಲಿಮರು ಮನೆ ಬಿಟ್ಟು ಹೋದರು, ಅತ್ತ ಕಡೆಯಿಂದ ನಿರಾಶ್ರಿತರು ಬಂದರು. 1941ರ ಮೇ ತಿಂಗಳ ಜರ್ಮನ್ ಬಾಂಬ್ ದಾಳಿಯಲ್ಲಿ ಹಳೆ ಪಟ್ಟಣದ ದೊಡ್ಡ ಭಾಗ ನೆಲಸಮವಾಯಿತು. 1944ರ ಮೇ ಕೊನೆಯಲ್ಲಿ ಜರ್ಮನ್ನರು ಬಂದರಿನ ಹಿಂದಿನ ಯೆಹೂದಿ ಕೇರಿಯವರನ್ನೆಲ್ಲ ಹಿಡಿದೊಯ್ದರು. ಅವರಿದ್ದ ‘ತನಾಯಿಸ್’ ಎಂಬ ಹಡಗು ಜೂನ್ 9ರಂದು, ಒಳಗೆ ಯಾರಿದ್ದಾರೆಂದು ಅರಿಯದ ಬ್ರಿಟಿಷ್ ಜಲಾಂತರ್ಗಾಮಿಯ ಟಾರ್ಪೆಡೊಗೆ ಸಿಕ್ಕಿ ಮುಳುಗಿತು. ಶತಮಾನಗಳ ಕಾಲ ಇದ್ದ ಒಂದು ಸಮುದಾಯ ಅಲ್ಲಿಗೆ ಇಲ್ಲವಾಯಿತು. ಇಂದು ಅದೇ ಕೇರಿಯಲ್ಲಿ ಊಟದ ಮನೆಗಳೂ ಹೋಟೆಲುಗಳೂ ಇವೆ.

ಹಾಗೆಂದು ದೂರ ಉಳಿಯಿರಿ ಎಂದು ನಾನು ಹೇಳಲಾರೆ. ವಾಸವಿಲ್ಲದ ಕಲ್ಲುಮನೆ ಬೇಗ ಕುಸಿಯುತ್ತದೆ: ಚಾವಣಿ ಸೋರಿದರೆ ತೊಲೆ ಕೊಳೆಯುತ್ತದೆ, ತೊಲೆ ಹೋದರೆ ಗೋಡೆ ಹೊರಕ್ಕೆ ವಾಲುತ್ತದೆ. ಹೋಟೆಲಿನ ಆದಾಯ ಆ ಚಾವಣಿಯನ್ನು ನಿಲ್ಲಿಸಿದೆ. ಆದರೆ ಮನೆಯ ಚರಿತ್ರೆಯನ್ನು ಬಚ್ಚಿಡದೆ ಹೇಳುವ ಹೋಟೆಲನ್ನೇ ಆರಿಸಿ, ಬುಕ್ ಮಾಡುವ ಮೊದಲು ಆ ಪ್ರಶ್ನೆಯನ್ನು ಕೇಳಿ. ಅಲ್ಲಿಗೆ ಹೋದ ಮೇಲೆ ಸ್ಪ್ಲಾಂಜಿಯಾ ಕೇರಿಯ ಸಂತ ನಿಕೋಲಸ್ ಚರ್ಚನ್ನು ನೋಡಿ. ಮಸೀದಿಯಾಗಿ ಮತ್ತೆ ಚರ್ಚಾದ ಅದರ ಮೇಲೆ ಗಂಟೆಗೋಪುರವೂ ಮಿನಾರೂ ಎರಡೂ ಉಳಿದಿವೆ. ಪಾಳುಬಿದ್ದಿದ್ದ ‘ಎತ್ಸ್ ಹಯ್ಯಿಮ್’ ಯೆಹೂದಿ ಪ್ರಾರ್ಥನಾಮಂದಿರವನ್ನು ಇತಿಹಾಸಕಾರ ನಿಕೋಸ್ ಸ್ಟಾವ್ರುಲಾಕಿಸ್ ಅವರ ಪ್ರಯತ್ನದಿಂದ ದುರಸ್ತಿ ಮಾಡಿ 1999ರಲ್ಲಿ ಮತ್ತೆ ತೆರೆದರು. ಕೊಂಡಿಲಾಕಿ ಬೀದಿಯಿಂದ ಒಳಸರಿಯುವ ಸಣ್ಣ ಅಡ್ಡ ಓಣಿಯಲ್ಲಿ ಅದರ ಬಾಗಿಲಿದೆ, ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಶನಿವಾರ, ಭಾನುವಾರ ಬಿಟ್ಟು ಬೆಳಗಿನ ಹೊತ್ತು ಹೋಗಿ.