ಎನ್‌ಡಿಎಗಾಗಿ ವಾಲಿಬಾಲ್ ಬಿಡಬೇಕಾ?

ತಮ್ಮಾ, ನೀನು ಚಿಕ್ಕಮಗಳೂರಿನಲ್ಲಿ ಮೊದಲ ಪಿಯುಸಿ ಸೈನ್ಸ್, ಕಾಲೇಜು ಟೀಮಿನಲ್ಲಿ ವಾಲಿಬಾಲ್, ಜೊತೆಗೆ ಎನ್‌ಸಿಸಿ. ಸೇನೆಯಲ್ಲಿ ಅಧಿಕಾರಿಯಾಗೋಕೆ ಎನ್‌ಡಿಎ (ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಪರೀಕ್ಷೆ ಬರೆಯಬೇಕು ಅಂತ ಆಸೆ, ಮನೆಯಲ್ಲಿ ಮಾತ್ರ ಆಟ ಬಿಟ್ಟು ಓದು ಅಂತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀಯ. ಆಟ ಬಿಡಬೇಡ. ಆದರೆ ಅಷ್ಟಕ್ಕೇ ಖುಷಿಯಾಗಿ ಎದ್ದು ಹೋಗಬೇಡ, ಪೂರ್ತಿ ಓದು. ನಾನು ಹಾಸನದವನು, ಎರಡು ಸಲ ಎಸ್‌ಎಸ್‌ಬಿಗೆ, ಅಂದರೆ ಲಿಖಿತ ಪರೀಕ್ಷೆ ಆದಮೇಲೆ ನಡೆಯುವ ಆಯ್ಕೆ ಸಂದರ್ಶನಕ್ಕೆ ಹೋಗಿ, ಎರಡು ಬೇರೆ ಬೇರೆ ತಪ್ಪಿಗೆ ಅವಕಾಶ ಕಳೆದುಕೊಂಡವನು.

ಮೊದಲು ಲೆಕ್ಕ ನೋಡು. ಲಿಖಿತ ಪರೀಕ್ಷೆಗೆ 900 ಅಂಕ: ಗಣಿತ 300, ಜನರಲ್ ಎಬಿಲಿಟಿ (ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ) 600. ಎಸ್‌ಎಸ್‌ಬಿಗೂ 900. ಕೊನೆಯ ಮೆರಿಟ್ ಲಿಸ್ಟ್ ಎರಡನ್ನೂ ಕೂಡಿಸಿ ಮಾಡುತ್ತಾರೆ. ಒಂದು ಕಡೆ ಕಮ್ಮಿಯಾದರೆ ಇನ್ನೊಂದು ಕಡೆ ತುಂಬಿಸಿಕೊಳ್ತೀನಿ ಅನ್ನೋದು ತುಂಬಾ ಕಷ್ಟ.

ಎರಡನೇ ಪಿಯುನಲ್ಲಿದ್ದಾಗ ಬೆಂಗಳೂರಿನ ಎಸ್‌ಎಸ್‌ಬಿಗೆ ಹೋದೆ. ಅಲ್ಲಿ ಪಿಐಕ್ಯೂ ಅಂತ ಒಂದು ಫಾರಂ ಕೊಡುತ್ತಾರೆ. ಅಪ್ಪ ಅಮ್ಮನ ಕೆಲಸ, ಹತ್ತನೇ ತರಗತಿಯ ಅಂಕ, ಆಟ, ಹವ್ಯಾಸ, ಎನ್‌ಸಿಸಿ ಎಲ್ಲಾ ತುಂಬಬೇಕು. ಇಂಟರ್‌ವ್ಯೂ ಮಾಡುವ ಅಧಿಕಾರಿ ಅದೇ ಹಾಳೆ ನೋಡಿಕೊಂಡು ಪ್ರಶ್ನೆ ಕೇಳುತ್ತಾರೆ. ವಾಲಿಬಾಲ್ ಒಂದೇ ಬರೆದರೆ ಖಾಲಿ ಖಾಲಿ ಕಾಣುತ್ತೆ ಅಂತ ಚೆಸ್, ಫೋಟೋಗ್ರಫಿ, ಟ್ರೆಕ್ಕಿಂಗ್ ಎಲ್ಲಾ ಸೇರಿಸಿಬಿಟ್ಟೆ. ಅವರು ಟ್ರೆಕ್ಕಿಂಗನ್ನೇ ಹಿಡಿದುಕೊಂಡರು. ಎಲ್ಲಿಗೆ ಹೋಗಿದ್ದೀಯ? ಮುಳ್ಳಯ್ಯನಗಿರಿ ಅಂದೆ. ಎತ್ತರ ಎಷ್ಟು? 1,930 ಮೀಟರ್, ಅದು ಬಾಯಿಪಾಠ ಇತ್ತು. ಯಾವ ದಾರಿಯಲ್ಲಿ ಹತ್ತಿದೆ, ಎಷ್ಟು ಹೊತ್ತು ಹಿಡಿಯಿತು, ನೀರು ಎಷ್ಟು ಒಯ್ದಿದ್ದೆ? ನಿಮ್ಮೂರಿನ ಬೆಟ್ಟ, ನಿನಗೇ ಗೊತ್ತು, ನಡೆದು ಹೋಗುವವರು ಸರ್ಪದಾರಿಯಿಂದ ಹತ್ತುತ್ತಾರೆ. ನಾನು ಹೋಗಿದ್ದು ಚಿಕ್ಕಪ್ಪನ ಜೀಪಿನಲ್ಲಿ. ನನ್ನ ಕಾಲಲ್ಲಿ ಹತ್ತಿದ್ದು ದೇವಸ್ಥಾನದ ಮೆಟ್ಟಿಲು ಮಾತ್ರ. ತಡವರಿಸಿದೆ, ಅಂಗೈ ಬೆವೆತು ಪ್ಯಾಂಟಿಗೆ ಒರೆಸಿಕೊಂಡೆ, ಅದನ್ನೂ ಅವರು ನೋಡಿದರು. ಐದನೇ ದಿನ ಆಯ್ಕೆಯಾದವರ ಚೆಸ್ಟ್ ನಂಬರ್ ಓದಿದಾಗ ನನ್ನದು ಬರಲಿಲ್ಲ.

ಎರಡನೇ ಸಲ ಇದ್ದದ್ದನ್ನೇ ಬರೆದೆ. ವಾಲಿಬಾಲ್, ಅಷ್ಟೇ. ನೆಟ್ ಎತ್ತರ ಎಷ್ಟು, ಹಿಂದೆ ನಿಂತು ರಕ್ಷಣೆ ಮಾತ್ರ ಆಡುವ ಲಿಬೆರೋ ಯಾಕೆ ಬ್ಲಾಕ್ ಮಾಡುವ ಹಾಗಿಲ್ಲ, ಹೊಡೆಯೋಕೆ ಚೆಂಡು ಎತ್ತಿಕೊಡುವ ಸೆಟ್ಟರ್ ತಪ್ಪು ಮಾಡುತ್ತಲೇ ಇದ್ದರೆ ಕ್ಯಾಪ್ಟನ್ ಆಗಿ ಏನು ಮಾಡ್ತಿದ್ದೆ ಅಂತ ಕೇಳಿದರು. 2.43 ಮೀಟರ್ ಅಂದವನು ಸೆಟ್ಟರ್ ವಿಷಯಕ್ಕೆ ಬಂದಾಗ ಎಲ್ಲಿದ್ದೀನಿ ಅನ್ನೋದೇ ಮರೆತು ಮಾತಾಡಿದೆ, ಯಾಕಂದ್ರೆ ಅದು ನಮ್ಮ ಟೀಮಿನಲ್ಲಿ ನಿಜವಾಗಿ ಆಗಿದ್ದ ಜಗಳ. ಗ್ರೌಂಡಿನಲ್ಲಿ ಹಲಗೆ, ಹಗ್ಗ ಕೊಟ್ಟು ಗುಂಪಾಗಿ ಅಡ್ಡಿ ದಾಟಿ ಅಂತಾರಲ್ಲ, ಅಲ್ಲೂ ಕೋರ್ಟಿನಲ್ಲಿ ಕೂಗಿ ಕೂಗಿ ಆಡಿದ ಅಭ್ಯಾಸವೇ ಕೈಹಿಡಿಯಿತು. ರೆಕಮೆಂಡ್ ಆದೆ, ಅಂದರೆ ಎಸ್‌ಎಸ್‌ಬಿ ಪಾಸಾಯಿತು. ಮೆಡಿಕಲ್ ಕೂಡ ಆಯಿತು.

ಆದರೆ ಮೆರಿಟ್ ಲಿಸ್ಟ್‌ನಲ್ಲಿ ಹೆಸರಿಲ್ಲ. ಸಂತೇಪೇಟೆಯ ಸೈಬರ್‌ನಲ್ಲಿ ಕೂತು ಪಿಡಿಎಫ್ ಅನ್ನು ಕೊನೆವರೆಗೂ ಎಳೆದೆ, ನಂಬರ್ ತಪ್ಪು ನೋಡಿದೆನೇನೋ ಅಂತ ಮತ್ತೆ ಮೇಲಿಂದ ನೋಡಿದೆ. ಅಪ್ಪ ಹೊರಗೆ ಬೈಕ್ ಮೇಲೆ ಕಾಯ್ತಾ ಇದ್ದರು. ಲಿಖಿತದಲ್ಲಿ ಕಟ್ ಆಫ್ ದಾಟುವಷ್ಟು ಮಾತ್ರ ಅಂಕ ಬಂದಿತ್ತು, ಅದೇ ಮುಳುಗಿಸಿತು.

ಅದಕ್ಕೆ ಕಾರಣ ನೀನು ಈಗ ಓದುತ್ತಿರುವ ಮೊದಲ ಪಿಯು. ಈ ವರ್ಷದ ಅಂಕ ಯಾರು ಕೇಳ್ತಾರೆ ಅಂತ ನಾನು ಇಡೀ ವರ್ಷ ಟೂರ್ನಮೆಂಟ್ ಸುತ್ತಿದೆ. ಎನ್‌ಡಿಎ ಗಣಿತದಲ್ಲಿ ಎರಡೂ ವರ್ಷದ ಪಾಠ ಬರುತ್ತೆ: ತ್ರಿಕೋನಮಿತಿ, ಶ್ರೇಢಿಗಳು, ಸಂಖ್ಯಾಶಾಸ್ತ್ರ ಎಲ್ಲಾ ಮೊದಲ ವರ್ಷದ್ದೇ. 120 ಪ್ರಶ್ನೆ, ಎರಡೂವರೆ ಗಂಟೆ, ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಕಟ್. ಸುಮ್ನೆ ಗುರುತು ಹಾಕಿ ಬರೋ ಪರೀಕ್ಷೆ ಅಲ್ಲ. ನಮ್ಮ ಪಿಯು ಗಣಿತದ ಪುಸ್ತಕ ಎನ್‌ಸಿಇಆರ್‌ಟಿಯದ್ದೇ ಆಗಿರುವುದರಿಂದ ಕ್ಲಾಸಿನ ಓದನ್ನೇ ಸರಿಯಾಗಿ ಓದಿದರೆ ಅರ್ಧ ತಯಾರಿ ಆಯಿತು. ಜನರಲ್ ಎಬಿಲಿಟಿಯ 600ರಲ್ಲಿ ಇಂಗ್ಲಿಷ್ 200 ಅಂಕಕ್ಕೆ ಇದೆ, ಎಸ್‌ಎಸ್‌ಬಿಯಲ್ಲಿ ಮಾತಾಡೋಕೂ ಬೇಕು, ದಿನಾ ಪೇಪರ್ ಓದು.

ಹಾಗಾಗಿ ದಿನಕ್ಕೆ ಒಂದು ಗಂಟೆ ಆಟ, ಬೆಳಿಗ್ಗೆಯೇ ಮುಗಿಸು. ಎನ್‌ಸಿಸಿ ಕ್ಯಾಂಪ್‌ಗಳನ್ನು ಈ ವರ್ಷವೇ ಮಾಡಿಕೋ. ಗಣರಾಜ್ಯೋತ್ಸವದ ಕ್ಯಾಂಪ್ ಆಸೆ ಇದ್ದರೂ ಈಗಲೇ ನೋಡು, ಅದರ ಆಯ್ಕೆಯೇ ತಿಂಗಳುಗಟ್ಟಲೆ ನಡೆಯುತ್ತೆ, ಎರಡನೇ ಪಿಯುನಲ್ಲಿ ಹೋದರೆ ಜನವರಿ ಕೊನೆಗೆ ಬಂದು ಪರೀಕ್ಷೆಗೆ ಏನು ಓದ್ತೀಯ? ಎನ್‌ಸಿಸಿ ಸರ್ಟಿಫಿಕೇಟಿಗೆ ಎನ್‌ಡಿಎಯಲ್ಲಿ ಜಾಸ್ತಿ ಅಂಕವೇನೂ ಇಲ್ಲ, ಅಲ್ಲಿ ಕಲಿತದ್ದು ಮಾತ್ರ ನಿನ್ನದು. ಮುಂದಿನ ವರ್ಷ ಡಿಸೆಂಬರ್ ಆದಮೇಲೆ ಊರೂರಿನ ಪಂದ್ಯಗಳಿಗೆ ಹೋಗಬೇಡ. ಮಾರ್ಚ್ ಹೊತ್ತಿಗೆ ಪಿಯು ಪರೀಕ್ಷೆ, ಏಪ್ರಿಲ್‌ನಲ್ಲಿ ಎನ್‌ಡಿಎ, ಸಿಇಟಿಯೂ ಅಲ್ಲೇ ಅಕ್ಕಪಕ್ಕ. ಏಪ್ರಿಲ್‌ನಲ್ಲಿ ಆಗದಿದ್ದರೆ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಲ ಇರುತ್ತೆ.

ನಾನೀಗ ಹಾಸನದಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮನೆಯಲ್ಲಿ ಆ 900, 900ರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸು, ಒಪ್ಪುತ್ತಾರೆ. ತ್ರಿಕೋನಮಿತಿಯಲ್ಲಿ ಎಲ್ಲಿ ಸಿಕ್ಕಿಕೊಂಡಿದ್ದೀಯ ಅಂತ ನನಗೆ ಬರೆ, ಭಾನುವಾರ ಕೂತು ಬಿಡಿಸಿ ಕಳಿಸ್ತೀನಿ.