ಜೀವಕೋಶ ಹೊರಗೆ ಬಿಡುವ ಪುಟ್ಟ ಚೀಲಗಳು ಕಸವೋ, ಸಂದೇಶವೋ?

ಈ ಚೀಲಗಳು ಬರೀ ಕಸ ಅಂತ ಕಾಲೇಜಿನಲ್ಲಿ ಓದಿದ್ದೆ, ಈಗ ಅವೇ ಸಂದೇಶ ಒಯ್ಯುತ್ತವೆ ಅಂತಾರೆ, ಕ್ಲಿನಿಕ್‌ಗಳಲ್ಲಿ ಎಕ್ಸೋಸೋಮ್ ಅನ್ನೋ ಹೆಸರಲ್ಲಿ ಇವುಗಳದೇ ಇಂಜೆಕ್ಷನ್ ಬೇರೆ ಕೊಡ್ತಾರೆ, ಏನಿದು ಎಂದು ಕೇಳಿದ್ದೀರಿ. ಜೀವಕೋಶಗಳ ಪಾಠ ಮಾಡುವ ನನಗೆ ಇದು ತುಂಬಾ ಇಷ್ಟದ ವಿಷಯ.

ಕಸ ಅನ್ನುವುದಕ್ಕೂ ಕಾರಣವಿತ್ತು. 1980ರ ದಶಕದಲ್ಲಿ ಕೆನಡಾದ ರೋಸ್ ಜಾನ್‌ಸ್ಟೋನ್ ಅವರ ತಂಡ ಕುರಿಯ ಎಳೆಯ ಕೆಂಪು ರಕ್ತಕಣಗಳನ್ನು ಗಮನಿಸುತ್ತಿತ್ತು. ಕಬ್ಬಿಣ ಒಳಗೆ ತರುವ ಒಂದು ಪ್ರೋಟೀನ್ ಬಲಿತ ಕಣಕ್ಕೆ ಬೇಕಿಲ್ಲ. ಕಣ ಅದನ್ನು ಚೀಲಗಳಲ್ಲಿ ತುಂಬಿ ಹೊರಗೆ ಹಾಕುತ್ತಿತ್ತು. ಈ ಚೀಲಗಳು ಮೊದಲು ಕೋಶದೊಳಗಿನ ಒಂದು ದೊಡ್ಡ ಚೀಲದಲ್ಲಿ ದಾಳಿಂಬೆ ಕಾಳಿನ ಹಾಗೆ ತುಂಬಿಕೊಂಡಿರುತ್ತವೆ. ದೊಡ್ಡ ಚೀಲ ಹೋಗಿ ಕೋಶದ ಹೊರಪೊರೆಯ ಜೊತೆ ಬೆಸೆದುಕೊಂಡರೆ ಕಾಳುಗಳೆಲ್ಲ ಹೊರಗೆ. ಒಂದೊಂದೂ ಸುಮಾರು 30ರಿಂದ 150 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಇವೇ ಎಕ್ಸೋಸೋಮ್‌ಗಳು. ಹೊರಪೊರೆಯಿಂದಲೇ ನೇರವಾಗಿ ಉಬ್ಬಿ ಕಳಚಿಕೊಳ್ಳುವ ಚೀಲಗಳೂ ಇವೆ.

ಸಂದೇಶದ ಮಾತು ನನಗೆ ನಿಜಕ್ಕೂ ಮನದಟ್ಟಾದದ್ದು 2007ರ ಒಂದು ಪ್ರಯೋಗದಿಂದ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಇಲಿಯ ಮಾಸ್ಟ್ ಕೋಶಗಳು (ಒಂದು ಬಗೆಯ ರೋಗನಿರೋಧಕ ಕೋಶಗಳು) ಬಿಟ್ಟ ಚೀಲಗಳನ್ನು ಮನುಷ್ಯರ ಮಾಸ್ಟ್ ಕೋಶಗಳಿಗೆ ಕೊಟ್ಟರು. ಆಮೇಲೆ ನೋಡಿದರೆ ಮನುಷ್ಯರ ಕೋಶದಲ್ಲಿ ಇಲಿಯ ಪ್ರೋಟೀನ್‌ಗಳು! ಪ್ರೋಟೀನ್ ಹೇಗೆ ಮಾಡಬೇಕು ಎಂಬ ಸೂಚನೆ, ಅಂದರೆ ಮೆಸೆಂಜರ್ ಆರ್‌ಎನ್‌ಎ, ಚೀಲದೊಳಗೆ ಕೂತು ಬಂದಿತ್ತು. ಪಡೆದ ಕೋಶ ಅದನ್ನು ಓದಿ ಕೆಲಸ ಮಾಡಿತ್ತು. ಹೊರಗೆ ಬರಿದಾಗಿ ಬಿದ್ದ ಆರ್‌ಎನ್‌ಎಯನ್ನು ಕಿಣ್ವಗಳು ಬೇಗ ತುಂಡರಿಸಿಬಿಡುತ್ತವೆ. ಚೀಲದ ಪೊರೆ ಅದನ್ನು ಕಾಪಾಡುತ್ತದೆ.

ಎಲ್ಲ ಚೀಲವೂ ಒಳಗೇ ಹೋಗಬೇಕೆಂದಿಲ್ಲ. ರೋಗನಿರೋಧಕ ಬಿ ಕೋಶಗಳ ಚೀಲಗಳು ಮೈಮೇಲೆ ರೋಗಾಣುವಿನ ಪ್ರೋಟೀನ್ ಚೂರುಗಳನ್ನು ಹೊತ್ತು ಟಿ ಕೋಶಗಳನ್ನು ಎಚ್ಚರಿಸಬಲ್ಲವು. ನುಂಗಿದವುಗಳಲ್ಲೂ ಬಹುಪಾಲು ಒಳಗೆ ಜೀರ್ಣವಾಗಿ ಹೋಗುತ್ತವೆ. ವಿಳಾಸವೂ ಮೈಮೇಲೆಯೇ ಇರುತ್ತದೆ. ಕ್ಯಾನ್ಸರ್ ಕೋಶಗಳ ಚೀಲಗಳಲ್ಲಿ ಒಂದು ಬಗೆಯ ಇಂಟೆಗ್ರಿನ್ ಪ್ರೋಟೀನ್ (ಅಂಟಿಕೊಳ್ಳಲು ನೆರವಾಗುವ ಮೇಲ್ಮೈ ಪ್ರೋಟೀನ್) ಇದ್ದರೆ ಶ್ವಾಸಕೋಶದತ್ತ, ಇನ್ನೊಂದು ಬಗೆಯದಿದ್ದರೆ ಯಕೃತ್ತಿನತ್ತ ಹೋಗುತ್ತವೆ ಎಂದು 2015ರಲ್ಲಿ ನ್ಯೂಯಾರ್ಕಿನ ಡೇವಿಡ್ ಲೈಡನ್ ತಂಡ ತೋರಿಸಿತು. ಗಡ್ಡೆ ತಾನು ಮುಂದೆ ಹರಡುವ ಜಾಗವನ್ನು ಹೀಗೆ ಮೊದಲೇ ಹದ ಮಾಡಿಕೊಳ್ಳುತ್ತದೆ. ಇದು ನನ್ನನ್ನು ಇವತ್ತಿಗೂ ಕಾಡುವ ಸಂಗತಿ.

ಹಾಗಾಗಿ ಇಂಜೆಕ್ಷನ್ ವಿಚಾರದಲ್ಲಿ ದಯವಿಟ್ಟು ಆತುರ ಬೇಡ. ಯಾವ ಕೋಶದ ಚೀಲ, ಒಳಗೇನಿದೆ ಅನ್ನುವುದರ ಮೇಲೆ ಪರಿಣಾಮ ಪೂರ್ತಿ ಬದಲಾಗುತ್ತದೆ. ಇಂಥ ಉತ್ಪನ್ನಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಜನರಿಗೆ ಎಚ್ಚರಿಕೆ ಕೊಟ್ಟಿದೆ.